15 ಜನರ ಊಟಕ್ಕೆ ಎಷ್ಟು ಪೌಂಡಿನ ಟರ್ಕಿ ತರಬೇಕು?

ಪ್ರಶ್ನೆ: ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿದ್ದೇವೆ. ಈ ಸಲ ಇಲ್ಲಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟ ನಮ್ಮ ಮನೆಯಲ್ಲಿ. ಆ ಹಬ್ಬಕ್ಕೆ ಇಡಿಯಾಗಿ ಬೇಯಿಸುವ ಟರ್ಕಿ ಕೋಳಿಯನ್ನು ನಾನು ಮಾಡುತ್ತಿರುವುದು ಇದೇ ಮೊದಲು. ಒಟ್ಟು 15 ಜನ. ಅದರಲ್ಲಿ ಅತ್ತೆಯೂ ಸೇರಿ 4 ಜನ ಸಸ್ಯಾಹಾರಿಗಳು. 5ರಿಂದ 10 ವರ್ಷದ 4 ಮಕ್ಕಳಿದ್ದಾರೆ. ಊರಿನಿಂದ ಬಂದಿರುವ ಮಾವನಿಗೆ ಬಾಡೂಟ ಅಂದರೆ ಇಷ್ಟ. ಆಫೀಸಿನ ಗೆಳತಿ "15 ಜನಕ್ಕೆ 20 ಪೌಂಡಿಗಿಂತ ಕಡಿಮೆ ತರಬೇಡ" ಅನ್ನುತ್ತಾಳೆ. ನಮ್ಮ ಯಜಮಾನರು "20 ಪೌಂಡ್ ಅಂದರೆ 9 ಕೆಜಿ, ಅಷ್ಟೊಂದು ಯಾರು ತಿಂತಾರೆ?" ಅಂತಾರೆ. ನಮ್ಮಲ್ಲಿರುವುದು ಒಂದೇ ಫ್ರಿಜ್, ಒಂದೇ ಓವನ್. ಎಷ್ಟು ದೊಡ್ಡದು ತರಲಿ?

ಉತ್ತರ: 12 ಪೌಂಡಿನದು ತನ್ನಿ. ಸರಿಯಾಗಿ 12 ಸಿಗದೆ 13 ಸಿಕ್ಕಿದರೂ ಚಿಂತೆಯಿಲ್ಲ. 14 ಮಾತ್ರ ದಾಟಬೇಡಿ.

ನಿಮ್ಮ ಗೆಳತಿ ಹೇಳಿದ್ದು ಪೂರ್ತಿ ತಪ್ಪಲ್ಲ. ತಲೆಗೆ ಒಂದರಿಂದ ಒಂದೂಕಾಲು ಪೌಂಡ್ ಅನ್ನುವುದು ಅಮೆರಿಕದಲ್ಲಿ ಎಲ್ಲರೂ ಹಿಡಿಯುವ ಲೆಕ್ಕ. ಅದರ ಪ್ರಕಾರ 15 ಜನಕ್ಕೆ 15ರಿಂದ 19 ಪೌಂಡ್ ಆಗುತ್ತದೆ. ಆದರೆ ಅವರ ಮನೆಯಲ್ಲಿ 15 ಜನ ಅಂದರೆ ಟರ್ಕಿ ತಿನ್ನುವ 15 ಜನ. ನಿಮ್ಮ ಮನೆಯಲ್ಲಿ ಹಾಗಲ್ಲ. ನೀವು ಎಣಿಸಬೇಕಾದದ್ದು ಬರುವವರನ್ನಲ್ಲ, ತಿನ್ನುವವರನ್ನು.

ಎಣಿಸೋಣ. ಸಸ್ಯಾಹಾರಿಗಳು 4 ಜನ ಹೋದರೆ ಉಳಿದವರು 11. ಅದರಲ್ಲಿ ದೊಡ್ಡವರು 7 ಜನ. ಒಬ್ಬೊಬ್ಬರಿಗೆ ಒಂದೂಕಾಲು ಪೌಂಡ್ ಹಿಡಿದರೆ ಎಂಟೂಮುಕ್ಕಾಲು. ಮಕ್ಕಳಿಗೆ ತಲೆಗೆ ಅರ್ಧ ಪೌಂಡ್, ಅಲ್ಲಿಗೆ 2. ಒಟ್ಟು ಹನ್ನೊಂದರ ಹತ್ತಿರ ಬಂತು. ಮರುದಿನಕ್ಕೆ ಸ್ವಲ್ಪ ಉಳಿಯಲಿ ಅಂತ ಒಂದು ಪೌಂಡ್ ಸೇರಿಸಿದರೆ 12. ಅಂದರೆ ಸುಮಾರು ಐದೂವರೆ ಕೆಜಿ.

ಈಗ ನಿಮ್ಮ ಯಜಮಾನರ ಪ್ರಶ್ನೆಗೆ ಬರುತ್ತೇನೆ. ಇದು ನಮ್ಮವರೆಲ್ಲ ಕೇಳುವ ಪ್ರಶ್ನೆ. ಊರಿನಲ್ಲಿ ಒಂದು ಕೆಜಿ ಕೋಳಿ ತಂದರೆ ನಾಲ್ಕೈದು ಜನ ಹೊಟ್ಟೆ ತುಂಬ ಊಟ ಮಾಡುತ್ತಾರೆ. ತಲೆಗೆ 200, 250 ಗ್ರಾಂ. ಇಲ್ಲಿ ನೋಡಿದರೆ ಒಬ್ಬರಿಗೆ ಅರ್ಧ ಕೆಜಿಗೂ ಜಾಸ್ತಿ. ಯಾಕೆ ಇಷ್ಟು ವ್ಯತ್ಯಾಸ?

ಮೊದಲ ಕಾರಣ, ಆ ತೂಕವೆಲ್ಲ ಮಾಂಸವಲ್ಲ. ಅಂಗಡಿಯಲ್ಲಿ ಚೀಟಿಯ ಮೇಲೆ 12 ಪೌಂಡ್ ಅಂತ ಇರುತ್ತದಲ್ಲ, ಅದರಲ್ಲಿ ಹೊಟ್ಟೆಯೊಳಗೆ ಸಿಕ್ಕಿಸಿಟ್ಟ ಕತ್ತು, ಗುಂಡಿಗೆ, ಲಿವರ್ ಎಲ್ಲ ಸೇರಿರುತ್ತವೆ. ಎದೆಗೂಡಿನ ಮೂಳೆ, ಬೆನ್ನಿನ ಮೂಳೆ ಬಲು ದೊಡ್ಡವು. ಬೇಯುವಾಗ ನೀರು ಮತ್ತು ಕೊಬ್ಬು ಇಳಿದು ಹೋಗುತ್ತವೆ. ಕೊನೆಗೆ ತಟ್ಟೆಗೆ ಬರುವ ಬೆಂದ ಮಾಂಸ ತಂದ ತೂಕದ ಸುಮಾರು ಅರ್ಧ ಅಂತ ಇಟ್ಟುಕೊಳ್ಳಿ. 12 ಪೌಂಡಿನ ಟರ್ಕಿಯಲ್ಲಿ ಹೆಚ್ಚುಕಡಿಮೆ 6 ಪೌಂಡ್, ಅಂದರೆ ಎರಡೂಮುಕ್ಕಾಲು ಕೆಜಿ ಮಾಂಸ ಸಿಗುತ್ತದೆ. ಹಕ್ಕಿ 12 ಪೌಂಡಿಗಿಂತ ಚಿಕ್ಕದಾದಷ್ಟೂ ಮೂಳೆಯ ಪಾಲು ಜಾಸ್ತಿ. 9 ಪೌಂಡಿನದು ತರುವುದಾದರೆ ತಲೆಗೆ ಒಂದೂವರೆ ಪೌಂಡ್ ಹಿಡಿಯಬೇಕು.

ಎರಡನೆಯದು ನಮ್ಮ ಊಟದ ರೀತಿ. ಕೋಳಿ ಸಾರಿನಲ್ಲಿ ಹೊಟ್ಟೆ ತುಂಬಿಸುವುದು ಮುದ್ದೆ ಮತ್ತು ಅನ್ನ. ಮೂರ್ನಾಲ್ಕು ಪೀಸು ಇದ್ದರೂ ಸಾರಿನಲ್ಲಿ ಅದರ ರುಚಿಯೆಲ್ಲ ಇಳಿದಿರುತ್ತದೆ, ಊಟ ಮುಗಿಯುತ್ತದೆ. ರೋಸ್ಟ್ ಮಾಡಿದ ಟರ್ಕಿಯಲ್ಲಿ ಸಾರೇ ಇಲ್ಲ. ತಟ್ಟೆಯಲ್ಲಿ ಮಾಂಸವನ್ನು ಹೋಳುಹೋಳಾಗಿ ಹಾಕಿಕೊಂಡು ತಿನ್ನುತ್ತಾರೆ. ಹಾಗಾಗಿ ಊರಿನ ಕೋಳಿ ಲೆಕ್ಕವನ್ನು ಇಲ್ಲಿಗೆ ತಂದರೆ ಮಾಂಸ ಸಾಲುವುದಿಲ್ಲ. ಗೆಳತಿಯ ಲೆಕ್ಕ ತಂದರೆ ರಾಶಿ ಉಳಿಯುತ್ತದೆ. ನಿಮ್ಮ ಸರಿಯಾದ ಅಳತೆ ಈ ಎರಡರ ನಡುವೆ ಇದೆ.

ಮತ್ತೊಂದು ಮಾತು. ನಿಮ್ಮ ಮನೆಯಲ್ಲಿ ಅವತ್ತು ಟರ್ಕಿ ಒಂದೇ ಇರುವುದಿಲ್ಲ, ಅಲ್ವಾ? ಸಸ್ಯಾಹಾರಿಗಳಿಗೆ ಅಂತ ಪುಳಿಯೋಗರೆಯೋ ಬಿಸಿಬೇಳೆಬಾತೋ ಮಾಡುತ್ತೀರಿ. ಮೊಸರನ್ನ ಇದ್ದೇ ಇರುತ್ತದೆ. ಬರುವವರೂ ಕೈಬೀಸಿಕೊಂಡು ಬರುವುದಿಲ್ಲ, ಒಬ್ಬರು ಪಲಾವ್ ತಂದರೆ ಇನ್ನೊಬ್ಬರು ಪಕೋಡ ತರುತ್ತಾರೆ. ಯಾರಾದರೂ ಚಿಕನ್ ಬಿರಿಯಾನಿ ತರುತ್ತೇನೆ ಅಂದರೆ ಟರ್ಕಿಯಲ್ಲಿ ಇನ್ನೂ 2 ಪೌಂಡ್ ಕಡಿಮೆ ಮಾಡಿಬಿಡಿ. ಎರಡೂ ಎದುರಿಗಿದ್ದರೆ ನಮ್ಮ ಜನ ಬಿರಿಯಾನಿಗೇ ಕೈ ಹಾಕುತ್ತಾರೆ. ನಾನು ಷಿಕಾಗೋ ಹತ್ತಿರ ಇಪ್ಪತ್ತು ವರ್ಷದಿಂದ ಅಡುಗೆ ಕಲಿಸುತ್ತಿದ್ದೇನೆ. ಪ್ರತಿ ನವೆಂಬರಿನಲ್ಲೂ ನಮ್ಮವರ ಮನೆಗಳಲ್ಲಿ ಇದನ್ನೇ ನೋಡುತ್ತೇನೆ. ಟರ್ಕಿ ಸಾಲಲಿಲ್ಲ ಅಂತ ಬಂದವರು ಬಹಳ ಕಡಿಮೆ. ಉಳಿದದ್ದನ್ನು ಏನು ಮಾಡಲಿ ಅಂತ ಕೇಳುವವರೇ ಹೆಚ್ಚು.

ಆದರೂ ನಾನು ನಿಮಗೆ 20 ಬೇಡ ಅನ್ನುತ್ತಿರುವುದು ಉಳಿಯುತ್ತದೆ ಅನ್ನುವುದಕ್ಕಿಂತ ಬೇರೆ ಕಾರಣಕ್ಕೆ. ನಿಮ್ಮ ಪತ್ರದಲ್ಲಿ ಕೊನೆಗೆ ಬರೆದಿದ್ದೀರಲ್ಲ, ಒಂದೇ ಫ್ರಿಜ್, ಒಂದೇ ಓವನ್ ಅಂತ. ನನ್ನ ಪ್ರಕಾರ ಅದನ್ನೇ ಮೊದಲು ಬರೆಯಬೇಕಿತ್ತು.

ನನ್ನ ಮೊದಲ ಟರ್ಕಿಯ ಕತೆ ಹೇಳುತ್ತೇನೆ. 12 ಜನಕ್ಕೆ 22 ಪೌಂಡಿನದು ತಂದಿದ್ದೆ. ಅಂಗಡಿಯಲ್ಲಿ ದೊಡ್ಡದಕ್ಕೆ ಪೌಂಡಿನ ಲೆಕ್ಕದಲ್ಲಿ ಬೆಲೆ ಕಡಿಮೆ ಇತ್ತು, ಲಾಭ ಅಂದುಕೊಂಡೆ. ಮಂಗಳವಾರ ರಾತ್ರಿ ಫ್ರೀಜರಿನಿಂದ ತೆಗೆದು ಫ್ರಿಜ್ಜಿನಲ್ಲಿಟ್ಟೆ. ಗುರುವಾರ ಬೆಳಗ್ಗೆ ಮೇಲೆ ಮೆತ್ತಗಿತ್ತು, ಒಳಗೆ ಕೈ ಹಾಕಿದರೆ ಕಲ್ಲು. ಕತ್ತು, ಲಿವರ್ ಇದ್ದ ಪೊಟ್ಟಣ ಮಂಜುಗಡ್ಡೆಗೆ ಅಂಟಿಕೊಂಡು ಬರಲೇ ಇಲ್ಲ. ಮಧ್ಯಾಹ್ನ ಮೂರಕ್ಕೆ ಊಟ ಅಂತ ಕರೆದಿದ್ದೆ. ಊಟಕ್ಕೆ ಕೂತಾಗ ರಾತ್ರಿ ಒಂಬತ್ತು. ಮಕ್ಕಳು ಬರೀ ಬ್ರೆಡ್ ತಿಂದು ಮಲಗಿಬಿಟ್ಟಿದ್ದರು. ಆ ಮಕ್ಕಳ ಮುಖ ನನಗೆ ಇವತ್ತಿಗೂ ನೆನಪಿದೆ. ಅದಕ್ಕೇ ಯಾರು ಎಷ್ಟು ಪೌಂಡ್ ಅಂತ ಕೇಳಿದರೂ ನಾನು ಮೊದಲು ವಾರದ ಲೆಕ್ಕ ಹಾಕುತ್ತೇನೆ.

ಫ್ರಿಜ್ಜಿನಲ್ಲಿಟ್ಟು ಐಸ್ ಬಿಡಿಸಲು ಪ್ರತಿ 4ರಿಂದ 5 ಪೌಂಡಿಗೆ 24 ಗಂಟೆ ಬೇಕು. ಇದು ಅಮೆರಿಕದ ಕೃಷಿ ಇಲಾಖೆ ಹೇಳುವ ಲೆಕ್ಕ, ನನ್ನ ಅನುಭವದಲ್ಲೂ ಸರಿಯಾಗಿದೆ. 12 ಪೌಂಡಿನದಕ್ಕೆ ಮೂರು ದಿನ. 20 ಪೌಂಡಿನದಕ್ಕೆ ನಾಲ್ಕರಿಂದ ಐದು ದಿನ. ಥ್ಯಾಂಕ್ಸ್‌ಗಿವಿಂಗ್ ಬರುವುದು ನವೆಂಬರಿನ ನಾಲ್ಕನೇ ಗುರುವಾರ. ನೀವು ಭಾನುವಾರ ಸಂಜೆ ಫ್ರೀಜರಿನಿಂದ ಫ್ರಿಜ್ಜಿಗೆ ಇಳಿಸಿದರೆ ಬುಧವಾರ ಸಂಜೆಗೆ ಐಸ್ ಪೂರ್ತಿ ಬಿಟ್ಟಿರುತ್ತದೆ. ಬಿಟ್ಟ ಮೇಲೂ ಒಂದೆರಡು ದಿನ ಫ್ರಿಜ್ಜಿನಲ್ಲಿ ಚೆನ್ನಾಗಿಯೇ ಇರುತ್ತದೆ, ಹಾಗಾಗಿ ಸ್ವಲ್ಪ ಮುಂಚೆ ಇಳಿಸಿದರೆ ನಷ್ಟವಿಲ್ಲ. 20 ಪೌಂಡಿನದಾಗಿದ್ದರೆ ಶನಿವಾರ ಬೆಳಗ್ಗೆಯೇ ಫ್ರಿಜ್ಜಿನ ಒಂದು ತಟ್ಟು ಕಳಚಿ ಜಾಗ ಮಾಡಬೇಕಿತ್ತು. ಆ ಐದು ದಿನ ನಿಮ್ಮ ಹಾಲು, ಮೊಸರು, ದೋಸೆ ಹಿಟ್ಟು ಎಲ್ಲಿಗೆ ಹೋಗಬೇಕು? ಊರಿನಿಂದ ಅತ್ತೆ ಮಾವ ಬಂದಿರುವ ಮನೆ.

ಫ್ರಿಜ್ಜಿನಲ್ಲಿ ಎಲ್ಲಕ್ಕಿಂತ ಕೆಳಗಿನ ತಟ್ಟಿನಲ್ಲೇ ಇಡಿ. ಅಡಿಯಲ್ಲಿ ಅಂಚಿರುವ ಟ್ರೇ ಇರಲಿ. ಐಸ್ ಬಿಡುವಾಗ ಹಸಿ ಮಾಂಸದ ನೀರು ಇಳಿಯುತ್ತದೆ, ಅದು ಕೊತ್ತಂಬರಿ ಸೊಪ್ಪಿನ ಮೇಲೆ ತೊಟ್ಟಿಕ್ಕಬಾರದು. ಸಸ್ಯಾಹಾರಿಗಳ ಪದಾರ್ಥ ಮೇಲಿನ ತಟ್ಟಿನಲ್ಲಿರಲಿ. ಇದನ್ನು ಅತ್ತೆಗೆ ಮೊದಲೇ ತೋರಿಸಿ ಹೇಳಿಬಿಟ್ಟರೆ ಅವರಿಗೂ ಸಮಾಧಾನ.

ಗುರುವಾರ ಬೆಳಗ್ಗೆಯೂ ಒಳಗೆ ಗಟ್ಟಿ ಇದ್ದರೆ ಗಾಬರಿಯಾಗಬೇಡಿ. ಕವರಿನಿಂದ ನೀರು ಒಳಗೆ ಹೋಗದ ಹಾಗೆ ಕಟ್ಟಿ, ತಣ್ಣೀರಿನಲ್ಲಿ ಮುಳುಗಿಸಿಡಿ. ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಪೂರ್ತಿ ಗಟ್ಟಿಯಾಗಿದ್ದರೆ ಪೌಂಡಿಗೆ ಅರ್ಧ ಗಂಟೆಯಂತೆ 12 ಪೌಂಡಿಗೆ ಆರು ಗಂಟೆ ಬೇಕು. ಅರ್ಧ ಬಿಟ್ಟಿದ್ದರೆ ಅಷ್ಟು ಬೇಡ. ಹೀಗೆ ನೀರಿನಲ್ಲಿ ಬಿಡಿಸಿದ್ದನ್ನು ತಕ್ಷಣ ಬೇಯಿಸಬೇಕು, ಮತ್ತೆ ಫ್ರಿಜ್ಜಿಗೆ ಹಾಕಿ ನಾಳೆಗೆ ಅನ್ನಬಾರದು. ಅಡುಗೆಮನೆ ಕಟ್ಟೆಯ ಮೇಲೆ ರಾತ್ರಿಯಿಡೀ ಇಟ್ಟು ಐಸ್ ಬಿಡಿಸುವುದು ಬೇಡವೇ ಬೇಡ. ಒಳಗೆ ಕಲ್ಲಿನಂತಿದ್ದರೂ ಮೇಲಿನ ಚರ್ಮ ಆಗಲೇ ಬೆಚ್ಚಗಾಗಿ ಕೆಡುವುದಕ್ಕೆ ಶುರುವಾಗಿರುತ್ತದೆ.

ಈಗ ಓವನ್. 325 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 163 ಸೆಲ್ಸಿಯಸ್ ಶಾಖದಲ್ಲಿ 12 ಪೌಂಡಿನ ಟರ್ಕಿ ಬೇಯಲು ಸುಮಾರು ಮೂರು ಗಂಟೆ. 20 ಪೌಂಡಿನದಕ್ಕೆ ನಾಲ್ಕೂವರೆ ಗಂಟೆ. ಹೊಟ್ಟೆಯೊಳಗೆ ಸ್ಟಫಿಂಗ್, ಅಂದರೆ ಮಸಾಲೆ ಬೆರೆಸಿದ ಬ್ರೆಡ್ಡಿನ ಹೂರಣ ತುಂಬಿದರೆ ಇನ್ನೂ ಜಾಸ್ತಿ. ಒಂದೇ ಓವನ್ ಇರುವ ಮನೆಯಲ್ಲಿ ಆ ಒಂದೂವರೆ ಗಂಟೆ ತುಂಬ ದೊಡ್ಡದು. ಟರ್ಕಿ ಒಳಗಿರುವಾಗ ಸಸ್ಯಾಹಾರದ ಅಡುಗೆಯನ್ನು ಅದೇ ಓವನ್ನಿನಲ್ಲಿ ಇಡಲು ಆಗುವುದಿಲ್ಲ. ಇಟ್ಟರೂ ಅತ್ತೆ ತಿನ್ನುತ್ತಾರೋ ಇಲ್ಲವೋ, ನಿಮಗೇ ಗೊತ್ತು. ಹಾಗಾಗಿ ಅವರ ಅಡುಗೆ ಬೆಳಗ್ಗೆಯೇ ಓವನ್ನಿನಿಂದ ಹೊರಗೆ ಬಂದಿರಲಿ, ಇಲ್ಲವೇ ಒಲೆಯ ಮೇಲೆ, ಕುಕ್ಕರಿನಲ್ಲಿ ಆಗುವಂಥದ್ದೇ ಇರಲಿ. ಟರ್ಕಿ ಚಿಕ್ಕದಾದಷ್ಟೂ ಅವರ ಅಡುಗೆಗೆ ಸಮಯ ಸಿಗುತ್ತದೆ. ಸಸ್ಯಾಹಾರಿಗಳು ಬರುವ ಮನೆಯಲ್ಲಿ ದೊಡ್ಡ ಟರ್ಕಿ ಬೇಡ ಅನ್ನುವುದಕ್ಕೆ ನನ್ನ ಮುಖ್ಯ ಕಾರಣ ಇದೇ.

ಸ್ಟಫಿಂಗನ್ನು ಹೊಟ್ಟೆಗೆ ತುಂಬುವುದನ್ನೂ ಬಿಟ್ಟುಬಿಡಿ. ಬ್ರೆಡ್, ಈರುಳ್ಳಿ, ಸೆಲರಿ ಹಾಕಿ ತರಕಾರಿ ಬೇಯಿಸಿದ ನೀರಿನಲ್ಲಿ ಬೇರೆ ಪಾತ್ರೆಯಲ್ಲೇ ಮಾಡಿ. 15 ಜನರೂ ತಿನ್ನಬಹುದು. ಅಂಗಡಿಯ ಪ್ಯಾಕೆಟ್ ತಂದರೆ ಹಿಂದೆ ಬರೆದಿರುವುದನ್ನು ಓದಿ, ಬಹಳಷ್ಟರಲ್ಲಿ ಚಿಕನ್ ರಸ ಇರುತ್ತದೆ.

ಕೊಳ್ಳುವ ಮುಂಚೆ ಒಂದು ಟೇಪು ಹಿಡಿದು ಓವನ್ ಒಳಗೆ ಅಳೆಯಿರಿ. ನಿಮ್ಮ ರೋಸ್ಟಿಂಗ್ ಪ್ಯಾನನ್ನು ಒಳಗಿಟ್ಟು ನೋಡಿ. ಸುತ್ತ ಎರಡು ಇಂಚಾದರೂ ಜಾಗ ಉಳಿಯಬೇಕು, ಬಿಸಿ ಗಾಳಿ ಓಡಾಡಬೇಕಲ್ಲ. ಓವನ್ನಿನ ಮೇಲ್ಭಾಗದಲ್ಲಿ ಕಾಯುವ ಕಾಯಿಲ್‌ಗೆ ಹಕ್ಕಿಯ ಎದೆ ತೀರ ಹತ್ತಿರ ಬಂದರೆ ಅಲ್ಲಿ ಕರಕಲಾಗುತ್ತದೆ. ಕಂಬಿಯನ್ನು ಎಲ್ಲಕ್ಕಿಂತ ಕೆಳಗಿನ ಹಂತಕ್ಕೆ ಇಳಿಸಿ. ಒಂದು ಸಲ ಬಳಸಿ ಬಿಸಾಡುವ ತೆಳು ಅಲ್ಯೂಮಿನಿಯಂ ಟ್ರೇ ತರುವುದಾದರೆ ಅಡಿಗೆ ಗಟ್ಟಿ ಬೇಕಿಂಗ್ ಶೀಟ್ ಕೊಡಿ. 12 ಪೌಂಡ್ ಹಕ್ಕಿ, ಅದರ ಕುದಿಯುವ ಕೊಬ್ಬು ಎಲ್ಲ ಸೇರಿ ಎತ್ತುವಾಗ ಆ ಟ್ರೇ ಮಡಚಿಕೊಂಡರೆ ಕೈಕಾಲು ಸುಡುತ್ತದೆ. ಮನೆಯಲ್ಲಿ ಮಕ್ಕಳಿದ್ದಾರೆ.

ಗಡಿಯಾರ ನೋಡಿ ಬೆಂದಿದೆ ಅಂದುಕೊಳ್ಳಬೇಡಿ. ಮಾಂಸಕ್ಕೆ ಚುಚ್ಚುವ ಥರ್ಮಾಮೀಟರ್ ಒಂದು ತನ್ನಿ, 15, 20 ಡಾಲರಿಗೆ ಸಿಗುತ್ತದೆ. ತೊಡೆಯ ಒಳಭಾಗ, ರೆಕ್ಕೆಯ ಒಳಭಾಗ, ಎದೆಯ ದಪ್ಪ ಜಾಗ, ಈ ಮೂರೂ ಕಡೆ 165 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 74 ಸೆಲ್ಸಿಯಸ್ ಬರಬೇಕು. ಮೂಳೆಗೆ ತಗುಲಿಸಬೇಡಿ, ಸುಳ್ಳು ಅಂಕಿ ತೋರಿಸುತ್ತದೆ. ಕೆಲವು ಹಕ್ಕಿಗಳ ಎದೆಯಲ್ಲಿ ಬೆಂದಾಗ ಮೇಲೇಳುವ ಪ್ಲಾಸ್ಟಿಕ್ ಗುಂಡಿ ಇರುತ್ತದೆ. ಅದು ಆ ಒಂದು ಜಾಗದ ಸುದ್ದಿ ಮಾತ್ರ ಹೇಳುತ್ತದೆ.

ದೊಡ್ಡ ಹಕ್ಕಿಯ ಇನ್ನೊಂದು ಕಷ್ಟ ಇಲ್ಲಿಯೇ ಇದೆ. ತೊಡೆ ಬೇಯುವಷ್ಟರಲ್ಲಿ ಎದೆ ಒಣಗಿ ಹೋಗುತ್ತದೆ. ಎದೆಯ ಮಾಂಸದಲ್ಲಿ ಕೊಬ್ಬು ಕಡಿಮೆ, ತೊಡೆಯಲ್ಲಿ ಜಾಸ್ತಿ. ಹಕ್ಕಿ ದೊಡ್ಡದಾದಷ್ಟೂ ಎರಡರ ನಡುವಿನ ಅಂತರ ಹೆಚ್ಚುತ್ತದೆ. ನಮ್ಮವರು ಟರ್ಕಿ ಅಂದರೆ ಸಪ್ಪೆ, ಒಣ ಅನ್ನುವುದು ಇಂಥ ಎದೆಯನ್ನು ತಿಂದೇ. 12 ಪೌಂಡಿನದರಲ್ಲಿ ಆ ತೊಂದರೆ ಕಡಿಮೆ. ಅದರಲ್ಲೂ ಬೆನ್ನುಮೂಳೆ ಕತ್ತರಿಸಿ ತೆಗೆದು, ಪುಸ್ತಕ ಬಿಡಿಸಿದ ಹಾಗೆ ಹಕ್ಕಿಯನ್ನು ಮಟ್ಟಸವಾಗಿ ಹಾಸಿ ಹೆಚ್ಚು ಶಾಖದಲ್ಲಿ ರೋಸ್ಟ್ ಮಾಡಿದರೆ ಒಂದೂವರೆ ಗಂಟೆಯ ಸುಮಾರಿಗೆ ಆಗಿಬಿಡುತ್ತದೆ, ಎದೆಯೂ ತೊಡೆಯೂ ಒಟ್ಟಿಗೆ ಹದಕ್ಕೆ ಬರುತ್ತವೆ. ನನಗೆ ಅತ್ಯಂತ ಇಷ್ಟವಾದ ವಿಧಾನ ಇದು. ಆದರೆ ಹಾಸಿದ ಹಕ್ಕಿ ಮಾಮೂಲಿ ಬೇಕಿಂಗ್ ಶೀಟಿನ ಮೇಲೆ ಹಿಡಿಸುವುದು 14 ಪೌಂಡಿನವರೆಗೆ ಮಾತ್ರ. ನಿಮ್ಮ ಯಜಮಾನರ ಕೈಗೆ ಒಳ್ಳೆಯ ಕತ್ತರಿ ಕೊಡಿ, ಬೆನ್ನುಮೂಳೆ ತೆಗೆಯಲು ಸ್ವಲ್ಪ ಬಲ ಬೇಕು.

ಮಸಾಲೆಯ ವಿಷಯ. ಮೊಸರು, ಶುಂಠಿ, ಬೆಳ್ಳುಳ್ಳಿ, ಖಾರದ ಪುಡಿ ಹಚ್ಚಿ ಮಾಡಿದರೆ ನಮ್ಮ ನಾಲಿಗೆಗೆ ಹಿಡಿಸುತ್ತದೆ. ಆದರೆ ಮಸಾಲೆ ತುಂಬ ಒಳಗೆ ಇಳಿಯುವುದಿಲ್ಲ. ಒಳಗೆ ಇಳಿಯುವುದು ಉಪ್ಪು ಮಾತ್ರ. ಚರ್ಮವನ್ನು ಬೆರಳಿನಿಂದ ಸಡಿಲ ಮಾಡಿ, ಚರ್ಮದ ಅಡಿಯಲ್ಲಿ ಮಸಾಲೆ ಹಚ್ಚಿ. ಅದಕ್ಕೂ ಮುಂಚೆ ಕವರಿನ ಮೇಲೆ ಬರೆದಿರುವುದನ್ನು ಓದಿ. ಉಪ್ಪು ನೀರನ್ನು ಚುಚ್ಚಿ ತುಂಬಿದ ಹಕ್ಕಿಗಳು ತುಂಬ ಬರುತ್ತವೆ. ಶೇಕಡ ಇಷ್ಟು ದ್ರಾವಣ ಸೇರಿದೆ ಅಂತ ಚಿಕ್ಕ ಅಕ್ಷರದಲ್ಲಿ ಬರೆದಿರುತ್ತಾರೆ. ಅಂಥದ್ದಾದರೆ ನಿಮ್ಮ ಮಸಾಲೆಯಲ್ಲಿ ಉಪ್ಪು ಬೇಡ. ಎರಡು ಸಲ ಉಪ್ಪು ಬಿದ್ದ ಟರ್ಕಿಯನ್ನು ಸರಿಮಾಡುವ ಉಪಾಯ ಇಲ್ಲ. ಆ ಉಪ್ಪು ನೀರಿನ ತೂಕವೂ ಚೀಟಿಯ ತೂಕದಲ್ಲೇ ಸೇರಿದೆ ಅನ್ನುವುದು ನೆನಪಿರಲಿ.

ಇನ್ನೊಂದು ಮಾತು ಹೇಳಿದರೆ ಊರಿನವರು ಒಪ್ಪುವುದು ಕಷ್ಟ. ಟರ್ಕಿಯನ್ನು ತೊಳೆಯಬೇಡಿ. ಕೋಳಿಯನ್ನು ಅರಿಶಿನ ಹಾಕಿ ಮೂರು ನೀರಿನಲ್ಲಿ ತೊಳೆದು ಬೆಳೆದವರು ನಾವು. ಆದರೆ 12 ಪೌಂಡಿನ ಹಕ್ಕಿಯನ್ನು ಸಿಂಕಿನಲ್ಲಿ ಹಿಡಿದು ನಲ್ಲಿ ಬಿಟ್ಟರೆ ನೀರು ಎಲ್ಲ ಕಡೆ ಸಿಡಿಯುತ್ತದೆ. ಪಕ್ಕದ ಪಾತ್ರೆಗಳಿಗೆ, ಸಲಾಡಿನ ಸೊಪ್ಪಿಗೆ ಹಸಿ ಮಾಂಸದ ರೋಗಾಣು ಹತ್ತುತ್ತದೆ. ಅದನ್ನು ಕೊಲ್ಲುವುದು ಶಾಖ, ನೀರಲ್ಲ. ಪೇಪರ್ ಟವೆಲಿನಿಂದ ಒಳಗೂ ಹೊರಗೂ ಒರೆಸಿ, ಅರಿಶಿನ ಹಚ್ಚಿ. ಒಣಗಿದ ಚರ್ಮ ಗರಿಗರಿಯಾಗುವುದೂ ಹೆಚ್ಚು.

ಅಂಗಡಿಯಲ್ಲಿ ಗಂಡೋ ಹೆಣ್ಣೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ಸಾಮಾನ್ಯವಾಗಿ 16 ಪೌಂಡಿನ ಒಳಗಿನವು ಹೆಣ್ಣು, ಅದಕ್ಕಿಂತ ದೊಡ್ಡವು ಗಂಡು. ಮೆದು ಗಟ್ಟಿ ಅನ್ನುವುದು ವಯಸ್ಸಿನ ಮೇಲೆ ಹೋಗುತ್ತದೆ, ಅಂಗಡಿಗೆ ಬರುವುದು ಎಳೆಯವೇ. ಫ್ರೆಶ್ ತರುವುದಾದರೆ ಮೊದಲೇ ಹೇಳಿಟ್ಟು ಮಂಗಳವಾರವೋ ಬುಧವಾರವೋ ತನ್ನಿ, ಐಸ್ ಬಿಡಿಸುವ ಕೆಲಸವೇ ಇಲ್ಲ. ಬೆಲೆ ಸ್ವಲ್ಪ ಜಾಸ್ತಿ. ರುಚಿಯಲ್ಲಿ ನಾನು ದೊಡ್ಡ ವ್ಯತ್ಯಾಸ ಕಂಡಿಲ್ಲ.

ಮುಂದೊಂದು ವರ್ಷ 22, 25 ಜನ ಟರ್ಕಿ ತಿನ್ನುವವರೇ ಬಂದರೆ? ಆಗಲೂ 25 ಪೌಂಡಿನ ಒಂದನ್ನು ತರಬೇಡಿ. 12, 13ರ ಎರಡು ತನ್ನಿ. ಬೇಯುವ ಸಮಯ ನಡೆಯುವುದು ಒಂದೊಂದರ ತೂಕದ ಮೇಲೆ, ಎರಡರ ಒಟ್ಟು ತೂಕದ ಮೇಲಲ್ಲ. ಓವನ್ನಿನಲ್ಲಿ ಎರಡೂ ನಡುವೆ ಜಾಗ ಬಿಟ್ಟು ಹಿಡಿಸಿದರೆ ಮೂರು ಗಂಟೆಗಿಂತ ಸ್ವಲ್ಪ ಹೆಚ್ಚು ಬೇಕಾಗುತ್ತದೆ, ಅಷ್ಟೇ. ಹಿಡಿಸದಿದ್ದರೆ ಒಂದನ್ನು ಪಕ್ಕದ ಮನೆಯ ಓವನ್ನಿನಲ್ಲಿ ಇಡಿಸಿ. ಎರಡು ಹಕ್ಕಿ ಅಂದರೆ ನಾಲ್ಕು ಕಾಲು, ನಮ್ಮಲ್ಲಿ ಕಾಲಿಗೇ ತಾನೇ ಬೇಡಿಕೆ. ಒಂದಕ್ಕೆ ಬೆಣ್ಣೆ ಮತ್ತು ರೋಸ್‌ಮೆರಿ, ಇನ್ನೊಂದಕ್ಕೆ ನಮ್ಮ ಮಸಾಲೆ ಹಚ್ಚಬಹುದು. ಕೆನಡಾದಲ್ಲಿರುವ ಓದುಗರಿಗೂ ಇದೇ ಮಾತು, ಅವರ ಹಬ್ಬ ಅಕ್ಟೋಬರಿನ ಎರಡನೇ ಸೋಮವಾರವೇ ಬರುತ್ತದೆ. ಇಂಗ್ಲೆಂಡಿನಲ್ಲಿ ಕ್ರಿಸ್‌ಮಸ್ಸಿಗೆ ತರುವವರು ತಲೆಗೆ ಅರ್ಧ ಕೆಜಿಗೆ ಸ್ವಲ್ಪ ಮೇಲೆ ಹಿಡಿಯಿರಿ. ಅಲ್ಲಿನ ಮನೆಗಳ ಓವನ್ ಇನ್ನೂ ಚಿಕ್ಕದು, ಅಳೆಯುವುದನ್ನು ಮರೆಯಬೇಡಿ.

ಗುರುವಾರ ಹೀಗೆ ಮಾಡಿ. ಮೂರು ಗಂಟೆಗೆ ಊಟ ಅಂತಿಟ್ಟುಕೊಳ್ಳೋಣ. ಇಡೀ ಹಕ್ಕಿಯನ್ನೇ ರೋಸ್ಟ್ ಮಾಡುವುದಾದರೆ ಹತ್ತೂವರೆಗೆ ಓವನ್ನಿಗೆ ಇಡಿ. ಒಂದು ಗಂಟೆಯಿಂದ ಥರ್ಮಾಮೀಟರ್ ಚುಚ್ಚಿ ನೋಡುತ್ತಿರಿ. ಒಂದೂವರೆ, ಎರಡರ ನಡುವೆ ಹೊರಗೆ ಬರುತ್ತದೆ. ಅರ್ಧ ಗಂಟೆ ಹಾಗೇ ಬಿಡಿ. ಬಿಸಿಬಿಸಿ ಇರುವಾಗಲೇ ಕುಯ್ದರೆ ರಸವೆಲ್ಲ ಹಲಗೆಯ ಮೇಲೆ ಹರಿದು ಹೋಗುತ್ತದೆ. ಅಮೆರಿಕದವರು ಇಡೀ ಹಕ್ಕಿಯನ್ನು ಮೇಜಿನ ಮೇಲಿಟ್ಟು ಎಲ್ಲರೆದುರು ಕುಯ್ಯುತ್ತಾರೆ. ನೀವು ಅಡುಗೆಮನೆಯಲ್ಲೇ ಕುಯ್ದು ತಟ್ಟೆಯಲ್ಲಿ ಜೋಡಿಸಿ ತನ್ನಿ. ಅತ್ತೆಯಂಥವರಿಗೆ ಊಟ ಸಲೀಸಾಗುತ್ತದೆ, ಕುಯ್ದಿಟ್ಟರೆ ಮಾಂಸವೂ ಎಲ್ಲರಿಗೂ ಸಮನಾಗಿ ಹೋಗುತ್ತದೆ. ಎದೆಯನ್ನು ಎಳೆಗೆ ಅಡ್ಡವಾಗಿ ಕುಯ್ಯಿರಿ, ಉದ್ದಕ್ಕಲ್ಲ.

ಇದೆಂಥ ಕೋಳಿ ಅಂತ ಮಾವ ಕೇಳಿದರೆ ಹೇಳಲು ಒಂದು ಒಳ್ಳೆಯ ಸಂಗತಿ ಇದೆ. ಈ ಹಕ್ಕಿ ಅಮೆರಿಕ ಖಂಡದ್ದೇ, ಟರ್ಕಿ ದೇಶಕ್ಕೂ ಅದಕ್ಕೂ ಸಂಬಂಧವಿಲ್ಲ. ಟರ್ಕಿಯವರು ಇದನ್ನು ಹಿಂದಿ ಅನ್ನುತ್ತಾರೆ, ಅಂದರೆ ಹಿಂದೂಸ್ಥಾನದ್ದು ಅಂತ! 1612ರಲ್ಲಿ ಗೋವಾಕ್ಕೆ ಹೋಗಿದ್ದ ಮುಕರ್ರಬ್ ಖಾನ್ ಎಂಬ ಮೊಗಲ್ ಅಧಿಕಾರಿ ಅಲ್ಲಿಂದ ಇದನ್ನು ತಂದು ಜಹಾಂಗೀರ್ ಬಾದಶಹನಿಗೆ ತೋರಿಸಿದ. ಬಾದಶಹ ಬೆರಗಾಗಿ ಅದರ ರೂಪವನ್ನೆಲ್ಲ ಬರೆದಿಟ್ಟ. ಅವನ ಆಸ್ಥಾನದ ಚಿತ್ರಕಾರ ಉಸ್ತಾದ್ ಮನ್ಸೂರ್ ಬಿಡಿಸಿದ ಟರ್ಕಿಯ ಚಿತ್ರ ಇವತ್ತಿಗೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಫೋನಿನಲ್ಲಿ ಹುಡುಕಿ ಮಾವನಿಗೂ ಮಕ್ಕಳಿಗೂ ತೋರಿಸಿ, ಅಷ್ಟು ಚೆನ್ನಾಗಿದೆ ಆ ಚಿತ್ರ.

ಊಟವಾದ ಮೇಲೆ ಮಾತಿಗೆ ಕೂತು ಮಾಂಸವನ್ನು ಮೇಜಿನ ಮೇಲೇ ಮರೆಯಬೇಡಿ. ಎರಡು ಗಂಟೆಯ ಒಳಗೆ ಮೂಳೆಯಿಂದ ಬಿಡಿಸಿ, ಅಗಲವಾದ ಡಬ್ಬಗಳಲ್ಲಿ ಹಾಕಿ ಫ್ರಿಜ್ಜಿಗಿಡಿ. ಮೂರ್ನಾಲ್ಕು ದಿನ, ಅಂದರೆ ಸೋಮವಾರದ ಒಳಗೆ ಮುಗಿಸಬೇಕು. ಹೆಚ್ಚಿದ್ದರೆ ಅವತ್ತೇ ಫ್ರೀಜರಿಗೆ ಹಾಕಿ. ಎದೆಯ ಮಾಂಸವನ್ನು ಎಳೆಎಳೆಯಾಗಿ ಬಿಡಿಸಿ, ಈರುಳ್ಳಿ, ಕರಿಬೇವು, ಕಾಳುಮೆಣಸು, ತೆಂಗಿನ ತುರಿಯ ಜೊತೆ ಹುರಿದರೆ ಚಪಾತಿಗೆ ತುಂಬ ಚೆನ್ನಾಗಿರುತ್ತದೆ. ಒಗ್ಗರಣೆ ಪೂರ್ತಿ ಆದ ಮೇಲೆ ಕೊನೆಗೆ ಮಾಂಸ ಹಾಕಿ ಬಿಸಿ ಮಾಡಿ, ಮತ್ತೆ ಬೇಯಿಸುತ್ತಾ ಕೂತರೆ ನಾರಾಗುತ್ತದೆ. ಮೂಳೆಗಳನ್ನು ಯಾವ ಕಾರಣಕ್ಕೂ ಬಿಸಾಡಬೇಡಿ. ಕತ್ತು, ಬೆನ್ನುಮೂಳೆ, ಎದೆಗೂಡು ಎಲ್ಲ ಮುರಿದು ಕುಕ್ಕರಿನಲ್ಲಿ ಬೇಯಿಸಿ, ಹುರಿದ ಮಸಾಲೆ ಹಾಕಿ ಸಾರು ಮಾಡಿ. ಶುಕ್ರವಾರ ಮಧ್ಯಾಹ್ನ ಮುದ್ದೆ ಜೊತೆ ಮಾವನಿಗೆ ಬಡಿಸಿ. ಹಿಂದಿನ ದಿನದ ರೋಸ್ಟಿಗಿಂತ ಅವರಿಗೆ ಇದೇ ಹೆಚ್ಚು ಇಷ್ಟವಾಗಬಹುದು.

ಕೊನೆಗೆ, ಅಂಗಡಿಗೆ ಹೋದಾಗ 12, 13ರ ಹಕ್ಕಿಗಳೆಲ್ಲ ಖರ್ಚಾಗಿ 18, 20ರವು ಮಾತ್ರ ಉಳಿದಿದ್ದರೆ ಸುಮ್ನೆ ದೊಡ್ಡದನ್ನು ಎತ್ತಿಕೊಂಡು ಬರಬೇಡಿ. ಬಿಡಿಬಿಡಿಯಾಗಿ ಸಿಗುವುದನ್ನು ತನ್ನಿ. ಮೂಳೆ ಸಮೇತ 6 ಪೌಂಡಿನ ಎದೆ ಒಂದು, ತೊಡೆ ಸೇರಿದ ತುಂಬು ಕಾಲು ಎರಡು. ನಿಮ್ಮ 11 ಜನಕ್ಕೆ ಸಾಕು, ಫ್ರಿಜ್ಜಿನಲ್ಲಿ ಹಿಡಿಸುತ್ತವೆ, ಐಸ್ ಬೇಗ ಬಿಡುತ್ತದೆ, ಎರಡು ಗಂಟೆ ದಾಟುವಷ್ಟರಲ್ಲಿ ಬೆಂದಿರುತ್ತವೆ. ಯಾವುದು ಮೊದಲು 165 ಮುಟ್ಟುತ್ತದೋ ಅದನ್ನು ಮೊದಲು ಹೊರಗೆ ತೆಗೆಯಿರಿ. ಎರಡರಲ್ಲಿ ಒಂದು ಕಾಲನ್ನು ಮಾತ್ರ ಕುಯ್ಯದೆ ಹಾಗೇ ಇಡಿ, ಮಾವನ ತಟ್ಟೆಗೆ.